ಚಿಕಿತ್ಸೆಯ ಒರೆಗಲ್ಲು

ಮನುಷ್ಯನನ್ನು ಬಾಧಿಸುವ ವ್ಯಾಧಿಗಳಲ್ಲಿ ಕೆಲವು ಮುನ್ಸೂಚನೆ ನೀಡಿ ಮೆಲ್ಲಮೆಲ್ಲನೆ ಬರುತ್ತವೆ. ಕೆಲವು ಸಿಡಿಲಿನಂತೆ ಬಂದೆರಗುತ್ತವೆ. ಪಾರ್ಶ್ವವಾಯು ಎರಡನೆಯ ಬಗೆಗೆ ಸೇರಿದುದು. ಬೆಳಗ್ಗೆ ಹೊಲಕ್ಕೋ ಕಚೇರಿಗೋ ಹೊರಟು ನಿಂತ ವ್ಯಕ್ತಿಯ ಬಾಯಿ ಇದ್ದಕ್ಕಿದ್ದಂತೆ ಒಂದು ಕಡೆಗೆ ಸೊಟ್ಟಗಾಗುತ್ತದೆ. ಎತ್ತಿದ ಕೈ ಜೋತುಬೀಳುತ್ತದೆ. ಆಡಹೊರಟ ಮಾತು ನಾಲಗೆಯಲ್ಲೇ ತೊಡರುತ್ತದೆ. ಅನೇಕ ವೇಳೆ ನೋವೂ ಇಲ್ಲ, ಗಾಯವೂ ಇಲ್ಲ. ಆದರೂ ಅರೆಗಳಿಗೆಯ ಹಿಂದೆ ಸ್ವತಂತ್ರನಾಗಿದ್ದವನು ಪರಾಧೀನನಾಗುತ್ತಾನೆ. ಜನರು ಇದನ್ನು ಲಕ್ವ ಎಂದು ಕರೆಯುತ್ತಾರೆ. ಆಯುರ್ವೇದವು ಇದನ್ನು ಪಕ್ಷಾಘಾತವೆಂದು ಹೆಸರಿಸಿ ವಾತವಿಕಾರಗಳಲ್ಲಿ ಸೇರಿಸಿತು. ಗ್ರೀಕರು ಇದಕ್ಕೆ ಕೊಟ್ಟ ಹೆಸರಿಗೆ ‘ಹೊಡೆದುರುಳಿಸುವುದು’ ಎಂದು ಅರ್ಥ. ಇಂಗ್ಲಿಷಿನ ‘ಸ್ಟ್ರೋಕ್’ ಎಂಬ ಮಾತಿಗೂ ಏಟು ಎಂದೇ ಅರ್ಥ. ಹೊಡೆದವರು ಯಾರೆಂದು ಕಾಣದಿದ್ದ ಕಾಲದಲ್ಲಿ ಜನರು ಅದನ್ನು ವಿಧಿಯ ಹೊಡೆತವೆಂದು ತಿಳಿದು ತಲೆಬಾಗಿದುದರಲ್ಲಿ ಆಶ್ಚರ್ಯವಿಲ್ಲ.

ಈ ಹೊಡೆತ ಬೀಳುವುದು ಕೈಕಾಲುಗಳ ಮೇಲಲ್ಲ, ಮಿದುಳಿನ ಮೇಲೆ. ವಯಸ್ಕನ ಮಿದುಳಿನ ತೂಕ ಸುಮಾರು 1,400 ಗ್ರಾಂ; ಎಂದರೆ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಅದೊಂದೇ ಬಳಸಿಕೊಳ್ಳುತ್ತದೆ. ಯಕೃತ್ತಿನಲ್ಲಿರುವಂತೆ ನಾಳೆಯ ಬಳಕೆಗೆಂದು ಆಹಾರವನ್ನು ಕೂಡಿಡುವ ಕಣಜ ಮಿದುಳಿನಲ್ಲಿಲ್ಲ. ಆಯಾ ಕ್ಷಣಕ್ಕೆ ಬೇಕಾದ ಆಮ್ಲಜನಕ ಮತ್ತು ಸಕ್ಕರೆಯನ್ನು ರಕ್ತವು ಆಯಾ ಕ್ಷಣದಲ್ಲೇ ತಂದು ಒದಗಿಸಬೇಕು. ಧಮನಿಯೊಂದರಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತರೆ, ಆ ಧಮನಿಯನ್ನು ನಂಬಿದ ನರಕೋಶಗಳು ಕೆಲವೇ ನಿಮಿಷಗಳಲ್ಲಿ ಸಾಯತೊಡಗುತ್ತವೆ. ಪಾರ್ಶ್ವವಾಯುವಿನ ಹೆಚ್ಚಿನ ಪ್ರಕರಣಗಳಿಗೆ ಇದೇ ಕಾರಣ. ಉಳಿದವುಗಳಲ್ಲಿ ರಕ್ತನಾಳವು ಒಡೆದು, ಮಿದುಳಿನ ಒಳಗೆ ಅಥವಾ ಅದರ ಸುತ್ತಲೂ ರಕ್ತಸ್ರಾವವಾಗುತ್ತದೆ. ಮೊದಲನೆಯದು ನೀರು ಬಾರದೆ ಒಣಗಿದ ಗದ್ದೆಯಂತೆ. ಎರಡನೆಯದು ಏರಿ ಒಡೆದು ಕೊಚ್ಚಿಹೋದ ಗದ್ದೆಯಂತೆ. ಮಿದುಳಿನ ಎಡಭಾಗವು ದೇಹದ ಬಲಭಾಗವನ್ನೂ, ಬಲಭಾಗವು ದೇಹದ ಎಡಭಾಗವನ್ನೂ ಆಳುವುದರಿಂದ ಪೆಟ್ಟು ಒಂದು ಕಡೆ ಬಿದ್ದರೆ ಸ್ವಾಧೀನ ತಪ್ಪುವುದು ಇನ್ನೊಂದು ಕಡೆಯಲ್ಲಿ.

ಈ ಸಂಗತಿಗಳು ಒಂದೇ ದಿನದಲ್ಲಿ ತಿಳಿದವುಗಳಲ್ಲ. ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್ ಎಂಬಾತನು ಈ ವ್ಯಾಧಿಯಿಂದ ಸತ್ತವರ ತಲೆಯನ್ನು ತೆರೆದು ನೋಡಿ, ಮಿದುಳಿನಲ್ಲಿ ರಕ್ತಸ್ರಾವವಾಗಿದ್ದುದನ್ನು 1658ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ, ‘ಟಾನ್’ ಎಂಬ ಒಂದೇ ಶಬ್ದವನ್ನು ಮತ್ತೆ ಮತ್ತೆ ನುಡಿಯುತ್ತಿದ್ದ ರೋಗಿಯೊಬ್ಬನ ಮಿದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ಎಡಗಡೆಯ ಮುಂಭಾಗದಲ್ಲಿ ಹಾನಿಯಾಗಿರುವುದನ್ನು ಕಂಡನು. ಮಾತಿಗೆ ಮಿದುಳಿನಲ್ಲಿ ನಿಯತವಾದ ನೆಲೆಯುಂಟೆಂಬುದು ಅದರಿಂದ ಸ್ಪಷ್ಟವಾಯಿತು. 1951ರಲ್ಲಿ ಕೆನಡಾದ ಮಿಲ್ಲರ್ ಫಿಶರ್, ಕುತ್ತಿಗೆಯ ಇಕ್ಕೆಲಗಳಲ್ಲಿ ಮಿದುಳಿಗೆ ರಕ್ತವನ್ನೊಯ್ಯುವ ಕ್ಯಾರೋಟಿಡ್ ಧಮನಿಗಳು ಕಿರಿದಾಗುವುದಕ್ಕೂ ಪಾರ್ಶ್ವವಾಯುವಿಗೂ ಇರುವ ಸಂಬಂಧವನ್ನು ಎತ್ತಿ ತೋರಿಸಿದರು. ಆದರೂ ಬದುಕಿರುವ ರೋಗಿಯ ತಲೆಯೊಳಗೆ ನಡೆದಿರುವುದು ಹೆಪ್ಪುಗಟ್ಟುವಿಕೆಯೋ ರಕ್ತಸ್ರಾವವೋ ಎಂಬುದನ್ನು ಖಚಿತವಾಗಿ ಹೇಳುವುದು ಬಹುಕಾಲ ಕಷ್ಟವಾಗಿಯೇ ಉಳಿಯಿತು. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಸ್ಕ್ಯಾನ್ ಯಂತ್ರದಿಂದ 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಚಿತ್ರವನ್ನು ತೆಗೆದ ಮೇಲೆ ಆ ತೊಡಕು ಬಗೆಹರಿಯಿತು.

ರೋಗದ ನೆಲೆಯನ್ನು ಅರಿಯುವುದು ಒಂದು ಕೆಲಸ. ಅದಕ್ಕೆ ಮಾಡುವ ಚಿಕಿತ್ಸೆಯು ನಿಜವಾಗಿಯೂ ಫಲಕಾರಿಯೇ ಎಂದು ಅರಿಯುವುದು ಇನ್ನೊಂದು ಕೆಲಸ. ಎರಡನೆಯದು ಮೊದಲನೆಯದಕ್ಕಿಂತ ಸುಲಭವೆಂದು ತೋರಬಹುದು. ಔಷಧ ಕೊಟ್ಟಾಗ ರೋಗಿ ಗುಣಹೊಂದಿದರೆ ಔಷಧವು ಒಳ್ಳೆಯದು, ಗುಣಹೊಂದದಿದ್ದರೆ ಕೆಟ್ಟದ್ದು. ಇದರಲ್ಲಿ ತಿಳಿಯಬೇಕಾದುದು ಇನ್ನೇನಿದೆ ಎಂದು ಯಾರಾದರೂ ಕೇಳಬಹುದು. ಆದರೆ ಪಾರ್ಶ್ವವಾಯುವಿನ ಸ್ವಭಾವವೇ ಈ ಸರಳ ತರ್ಕವನ್ನು ಹುಸಿಗೊಳಿಸುತ್ತದೆ. ಸಾಯದೆ ಉಳಿದ ನರಕೋಶಗಳು ಚೇತರಿಸಿಕೊಳ್ಳುವುದರಿಂದಲೂ, ಮಿದುಳಿನ ಬೇರೆ ಭಾಗಗಳು ಹಾನಿಗೊಂಡ ಭಾಗದ ಕೆಲಸವನ್ನು ತಕ್ಕಮಟ್ಟಿಗೆ ವಹಿಸಿಕೊಳ್ಳುವುದರಿಂದಲೂ ಅನೇಕ ರೋಗಿಗಳು ಕೆಲವು ವಾರಗಳಲ್ಲಿ ತಾವಾಗಿಯೇ ಸ್ವಲ್ಪಮಟ್ಟಿಗೆ ಸುಧಾರಿಸುತ್ತಾರೆ. ಆ ವಾರಗಳಲ್ಲಿ ಅವರಿಗೆ ಯಾವ ಉಪಚಾರ ನಡೆದಿರುತ್ತದೆಯೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಎಣ್ಣೆ ತಿಕ್ಕಿದವರು ಎಣ್ಣೆಯಿಂದ ಗುಣವಾಯಿತೆನ್ನುತ್ತಾರೆ. ಪಾರಿವಾಳದ ರಕ್ತವನ್ನು ಹಚ್ಚಿದವರು ಅದನ್ನೇ ಹೊಗಳುತ್ತಾರೆ. ಹರಕೆ ಹೊತ್ತವರು ಹರಕೆಯನ್ನು ನೆನೆಯುತ್ತಾರೆ. ಗುಣವಾದವನು ಹತ್ತು ಜನರಿಗೆ ಹೇಳುತ್ತಾನೆ; ಗುಣವಾಗದೆ ಸತ್ತವನು ಬಂದು ಸಾಕ್ಷಿ ನುಡಿಯಲಾರನು.

ಈ ಭ್ರಮೆಯು ಹಳ್ಳಿಯ ಜನರಿಗೆ ಮಾತ್ರ ಮೀಸಲಾದುದೆಂದು ತಿಳಿಯಬಾರದು. ದೊಡ್ಡ ಪದವಿಗಳನ್ನು ಪಡೆದ ವೈದ್ಯರೂ ಇದರಿಂದ ಹೊರತಲ್ಲ. ತಾನು ನಂಬಿದ ಔಷಧವನ್ನು ಚೇತರಿಸಿಕೊಳ್ಳುವ ಲಕ್ಷಣವುಳ್ಳ ರೋಗಿಗೇ ಕೊಡುವುದು, ತಾನು ಚಿಕಿತ್ಸೆ ಮಾಡಿದವನಲ್ಲಿ ಸುಧಾರಣೆಯನ್ನೇ ಹುಡುಕಿ ಕಾಣುವುದು ಮನುಷ್ಯಸಹಜ. ಆದುದರಿಂದ ವೈದ್ಯನ ಪ್ರಾಮಾಣಿಕತೆಯೊಂದೇ ಸಾಲದು. ಅವನ ಮನಸ್ಸಿನ ಒಲವು ಫಲಿತಾಂಶವನ್ನು ಮುಟ್ಟದಂತೆ ತಡೆಯುವ ಒಂದು ಕ್ರಮವೂ ಬೇಕು. ಚಿನ್ನದ ಅಪರಂಜಿತನವನ್ನು ಅಕ್ಕಸಾಲಿಗನ ಮಾತಿನಿಂದಲ್ಲ, ಒರೆಗಲ್ಲಿನಿಂದ ನಿರ್ಧರಿಸುವಂತೆ, ಚಿಕಿತ್ಸೆಯ ಗುಣವನ್ನು ನಿರ್ಧರಿಸಲು ಒಂದು ಒರೆಗಲ್ಲು ಬೇಕು.

ಅಂಥ ಒರೆಗಲ್ಲು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ರೂಪುಗೊಂಡಿತು. ಎರಡನೆಯ ಮಹಾಯುದ್ಧವು ಮುಗಿದಾಗ ಬ್ರಿಟನ್ನಿನಲ್ಲಿ ಕ್ಷಯರೋಗದ ಹೊಸ ಔಷಧವಾದ ಸ್ಟ್ರೆಪ್ಟೊಮೈಸಿನ್ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಇದ್ದಷ್ಟನ್ನು ಬಳಸಿ ಅದರ ಗುಣವನ್ನು ನ್ಯಾಯವಾಗಿ ಅಳೆಯಲು ಬ್ರಾಡ್‌ಫೋರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಒಂದು ಯೋಜನೆಯನ್ನು ಸಿದ್ಧಪಡಿಸಿದರು. ಯಾವ ರೋಗಿಗೆ ಔಷಧ, ಯಾರಿಗೆ ಆಗಿನ ವಾಡಿಕೆಯ ವಿಶ್ರಾಂತಿ ಚಿಕಿತ್ಸೆ ಎಂಬುದನ್ನು ವೈದ್ಯರು ಆರಿಸಲಿಲ್ಲ. ಮೊಹರು ಮಾಡಿದ ಲಕೋಟೆಗಳಲ್ಲಿ ಮೊದಲೇ ಇರಿಸಿದ್ದ ಯಾದೃಚ್ಛಿಕ ಸಂಖ್ಯೆಗಳು ಅದನ್ನು ನಿರ್ಧರಿಸಿದವು. ಹೀಗೆ ಚೀಟಿ ಎತ್ತಿದಂತೆ ಹಂಚಿದಾಗ ಬಲಿಷ್ಠರು, ದುರ್ಬಲರು, ಮುದುಕರು, ತರುಣರು ಎರಡು ಗುಂಪುಗಳಿಗೂ ಹೆಚ್ಚುಕಡಿಮೆ ಸಮನಾಗಿ ಸೇರುತ್ತಾರೆ. ಮುಂದೆ ಎರಡು ಗುಂಪುಗಳ ನಡುವೆ ಎದ್ದುಕಾಣುವ ಅಂತರ ಕಂಡುಬಂದರೆ ಅದಕ್ಕೆ ಔಷಧವೇ ಕಾರಣವೆಂದು ಹೇಳಬಹುದು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಜನರೂ, ಪಡೆಯದ 52 ಮಂದಿಯಲ್ಲಿ 14 ಜನರೂ ಮೃತರಾಗಿದ್ದರು. 1948ರಲ್ಲಿ ಪ್ರಕಟವಾದ ಈ ಪ್ರಯೋಗವು ಮುಂದಿನ ವೈದ್ಯ ಸಂಶೋಧನೆಗೆಲ್ಲ ಮೇಲ್ಪಂಕ್ತಿಯಾಯಿತು.

ಪಾರ್ಶ್ವವಾಯುವಿನ ಕ್ಷೇತ್ರಕ್ಕೆ ಈ ಒರೆಗಲ್ಲನ್ನು ತಂದವರಲ್ಲಿ ಕೆನಡಾದ ನರರೋಗತಜ್ಞ ಹೆನ್ರಿ ಬಾರ್ನೆಟ್ ಪ್ರಮುಖರು. ಪೂರ್ಣಪ್ರಮಾಣದ ಪಾರ್ಶ್ವವಾಯುವಿಗೆ ಮುಂಚೆ ಕೆಲವರಲ್ಲಿ ಕೆಲವು ನಿಮಿಷಗಳ ಕಾಲ ಕೈ ಮರಗಟ್ಟಿ ಅಥವಾ ಮಾತು ತಪ್ಪಿ, ಮತ್ತೆ ಎಲ್ಲವೂ ಸರಿಹೋಗುವುದುಂಟು. ಇದು ಮುಂಬರುವ ಅಪಾಯದ ಎಚ್ಚರಿಕೆ. ಇಂಥ ಎಚ್ಚರಿಕೆ ಪಡೆದ 585 ರೋಗಿಗಳನ್ನು ಬಾರ್ನೆಟ್ಟರೂ ಅವರ ಸಹೋದ್ಯೋಗಿಗಳೂ ಆರಿಸಿ, ತಲೆನೋವಿಗೆಂದು ಮನೆಮನೆಯಲ್ಲೂ ಬಳಕೆಯಲ್ಲಿದ್ದ ಅಗ್ಗದ ಆಸ್ಪಿರಿನ್ ಗುಳಿಗೆಯನ್ನು ಪರೀಕ್ಷೆಗೊಡ್ಡಿದರು. 1978ರಲ್ಲಿ ಹೊರಬಂದ ಫಲಿತಾಂಶದಂತೆ ಆಸ್ಪಿರಿನ್ ಸೇವಿಸಿದವರಲ್ಲಿ ಪಾರ್ಶ್ವವಾಯು ಅಥವಾ ಮರಣದ ಸಂಭವವು ನೂರಕ್ಕೆ 31ರಷ್ಟು ತಗ್ಗಿತ್ತು. ಆ ಪ್ರಯೋಗದಲ್ಲಿ ಈ ಲಾಭವು ಗಂಡಸರಲ್ಲಿ ಮಾತ್ರ ಕಂಡುಬಂದಿತು. ಹೆಂಗಸರಿಗೂ ಅದು ಉಪಯುಕ್ತವೆಂಬುದು ಮುಂದೆ ನಡೆದ ದೊಡ್ಡ ಅಧ್ಯಯನಗಳಿಂದ ತಿಳಿಯಿತು.

ಇದಕ್ಕಿಂತ ಹೆಚ್ಚಿನ ಕುತೂಹಲಕ್ಕೆ ಕಾರಣವಾದುದು ಶಸ್ತ್ರಚಿಕಿತ್ಸೆಯೊಂದರ ಕಥೆ. 1967ರಲ್ಲಿ ಜೂರಿಕ್ ನಗರದಲ್ಲಿ ಗಾಜಿ ಯಾಸರ್ಗಿಲ್ ಎಂಬ ಅಪ್ರತಿಮ ಶಸ್ತ್ರವೈದ್ಯರು ಸೂಕ್ಷ್ಮದರ್ಶಕದ ನೆರವಿನಿಂದ ಒಂದು ಹೊಸ ಶಸ್ತ್ರಕ್ರಿಯೆಯನ್ನು ನಡೆಸಿದರು. ನೆತ್ತಿಯ ಚರ್ಮಕ್ಕೆ ರಕ್ತವನ್ನೊದಗಿಸುವ ಧಮನಿಯೊಂದನ್ನು ತಲೆಬುರುಡೆಯ ರಂಧ್ರದ ಮೂಲಕ ಒಳಗೆ ತಂದು, ಕಟ್ಟಿಕೊಂಡ ಜಾಗದಿಂದ ಮುಂದಕ್ಕೆ ಮಿದುಳಿನ ಧಮನಿಗೆ ಜೋಡಿಸುವುದೇ ಆ ಶಸ್ತ್ರಕ್ರಿಯೆ. ಕಾಲುವೆಯೊಂದು ಹೂಳು ತುಂಬಿ ನಿಂತಾಗ ಪಕ್ಕದ ಕಾಲುವೆಯಿಂದ ನೀರು ತಿರುಗಿಸಿಕೊಳ್ಳುವಂಥ ಉಪಾಯವಿದು. ತರ್ಕಕ್ಕೆ ಒಪ್ಪುವಂಥದು, ಕೈಚಳಕದಲ್ಲಿ ಅದ್ಭುತವಾದುದು. ಕೆಲವೇ ವರ್ಷಗಳಲ್ಲಿ ಅದು ಹಲವು ದೇಶಗಳಿಗೆ ಹರಡಿತು. ಆದರೆ ಬಾರ್ನೆಟ್ಟರು ಒಂದು ಪ್ರಶ್ನೆಯನ್ನೆತ್ತಿದರು: ಈ ಶಸ್ತ್ರಕ್ರಿಯೆಯಿಂದ ರೋಗಿಗೆ ಪಾರ್ಶ್ವವಾಯು ತಪ್ಪುತ್ತದೆಯೇ?

ಉತ್ತರವನ್ನು ಕಂಡುಕೊಳ್ಳಲು ಉತ್ತರ ಅಮೆರಿಕ, ಯೂರೋಪು ಮತ್ತು ಏಷ್ಯಗಳ ಆಸ್ಪತ್ರೆಗಳು ಒಂದುಗೂಡಿದವು. 1,377 ರೋಗಿಗಳಲ್ಲಿ 714 ಮಂದಿಗೆ ಔಷಧಗಳಿಂದ ಮಾತ್ರ ಚಿಕಿತ್ಸೆ ನಡೆಯಿತು. 663 ಮಂದಿಗೆ ಔಷಧಗಳೊಂದಿಗೆ ಶಸ್ತ್ರಕ್ರಿಯೆಯೂ ನಿಗದಿಯಾಯಿತು. ಸರಾಸರಿ ನಾಲ್ಕೂವರೆ ವರ್ಷಗಳಿಗೂ ಹೆಚ್ಚು ಕಾಲ ಅವರೆಲ್ಲರ ಯೋಗಕ್ಷೇಮವನ್ನು ದಾಖಲಿಸಲಾಯಿತು. 1985ರಲ್ಲಿ ಫಲಿತಾಂಶ ಹೊರಬಿದ್ದಾಗ ಶಸ್ತ್ರವೈದ್ಯರ ಲೋಕವು ತಲ್ಲಣಿಸಿತು. ಜೋಡಿಸಿದ ಧಮನಿಗಳಲ್ಲಿ ನೂರಕ್ಕೆ 96ರಲ್ಲಿ ರಕ್ತವು ಸರಾಗವಾಗಿಯೇ ಹರಿಯುತ್ತಿತ್ತು. ಆದರೆ ಪಾರ್ಶ್ವವಾಯು ಮಾತ್ರ ತಪ್ಪಿರಲಿಲ್ಲ. ಶಸ್ತ್ರಕ್ರಿಯೆಗೊಳಗಾದವರಲ್ಲಿ ಅದು ಇನ್ನಷ್ಟು ಬೇಗನೆ, ಇನ್ನಷ್ಟು ಹೆಚ್ಚಾಗಿ ಕಾಣಿಸಿಕೊಂಡಿತ್ತು. ಕಾಲುವೆ ಚೆನ್ನಾಗಿತ್ತು, ನೀರೂ ಹರಿಯಿತು. ಬೆಳೆ ಮಾತ್ರ ಉಳಿಯಲಿಲ್ಲ. ಈ ತೀರ್ಪನ್ನು ಟೀಕಿಸಿದವರೂ ಇದ್ದರು. ಶಸ್ತ್ರಕ್ರಿಯೆಗೆ ಅತ್ಯಂತ ಯೋಗ್ಯರಾದ ರೋಗಿಗಳು ಪ್ರಯೋಗದ ಹೊರಗೇ ಉಳಿದಿದ್ದರೆಂಬುದು ಅವರ ವಾದವಾಗಿತ್ತು. ವಾದವಿವಾದಗಳು ನಡೆದರೂ, ಪಾರ್ಶ್ವವಾಯುವನ್ನು ತಡೆಯಲು ಆ ಶಸ್ತ್ರಕ್ರಿಯೆಯನ್ನು ವಾಡಿಕೆಯಾಗಿ ಮಾಡುವುದು ನಿಂತಿತು. ಈ ಪರೀಕ್ಷೆ ನಡೆಯದೇ ಹೋಗಿದ್ದರೆ, ಲಾಭವಿಲ್ಲದ ಶಸ್ತ್ರಕ್ಕೆ ತಲೆಯೊಡ್ಡುವವರ ಸಂಖ್ಯೆ ವರ್ಷವರ್ಷವೂ ಬೆಳೆಯುತ್ತಲೇ ಇರುತ್ತಿತ್ತು.

ಇಷ್ಟರಿಂದ ಬಾರ್ನೆಟ್ಟರು ಶಸ್ತ್ರಚಿಕಿತ್ಸೆಯ ವೈರಿಯೆಂದು ಯಾರಾದರೂ ಭಾವಿಸಿದ್ದರೆ ಅವರ ಮುಂದಿನ ಕೆಲಸವು ಆ ಭಾವನೆಯನ್ನು ಅಳಿಸಿಹಾಕಿತು. ಕುತ್ತಿಗೆಯ ಕ್ಯಾರೋಟಿಡ್ ಧಮನಿಯನ್ನು ಸೀಳಿ, ಒಳಗೆ ಕಟ್ಟಿಕೊಂಡ ಕೊಬ್ಬಿನ ಪದರವನ್ನು ಕೆರೆದು ತೆಗೆಯುವ ಮತ್ತೊಂದು ಶಸ್ತ್ರಕ್ರಿಯೆ 1950ರ ದಶಕದಿಂದಲೂ ಬಳಕೆಯಲ್ಲಿತ್ತು. ಅದನ್ನೂ ಅವರು ಇದೇ ಒರೆಗೆ ಹಚ್ಚಿದರು. ಮುನ್ಸೂಚನೆ ಅಥವಾ ಲಘುವಾದ ಆಘಾತವನ್ನು ಅನುಭವಿಸಿದ್ದ, ಧಮನಿಯು ನೂರಕ್ಕೆ 70ರಿಂದ 99ರಷ್ಟು ಕಿರಿದಾಗಿದ್ದ 659 ರೋಗಿಗಳಲ್ಲಿ ಫಲಿತಾಂಶವು ನಿಚ್ಚಳವಾಗಿತ್ತು. ಎರಡು ವರ್ಷಗಳಲ್ಲಿ ಅದೇ ಪಕ್ಕದ ಪಾರ್ಶ್ವವಾಯುವಿಗೆ ತುತ್ತಾಗುವ ಸಂಭವವು ಔಷಧವನ್ನಷ್ಟೇ ಪಡೆದವರಲ್ಲಿ ನೂರಕ್ಕೆ 26. ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ನೂರಕ್ಕೆ 9. ಲಾಭವು ಇಷ್ಟು ಸ್ಪಷ್ಟವಾದ ಮೇಲೆ ಉಳಿದವರನ್ನು ಅದರಿಂದ ವಂಚಿಸುವುದು ಅನ್ಯಾಯವೆಂದು 1991ರಲ್ಲಿ ಪ್ರಯೋಗದ ಆ ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಧಮನಿಯು ಅರ್ಧಕ್ಕಿಂತ ಕಡಿಮೆ ಕಿರಿದಾಗಿದ್ದವರಿಗೆ ಅದೇ ಶಸ್ತ್ರಕ್ರಿಯೆಯಿಂದ ಪ್ರಯೋಜನವಿಲ್ಲವೆಂಬುದೂ 1998ರಲ್ಲಿ ಖಚಿತವಾಯಿತು. ಒಬ್ಬರೇ ಸಂಶೋಧಕರು, ಒಂದೇ ವಿಧಾನ. ಒಂದು ಶಸ್ತ್ರಕ್ರಿಯೆಯನ್ನು ಅದು ತಿರಸ್ಕರಿಸಿತು, ಇನ್ನೊಂದನ್ನು ಎತ್ತಿಹಿಡಿಯಿತು. ಒರೆಗಲ್ಲಿಗೆ ಪಕ್ಷಪಾತವಿಲ್ಲ.

ಇವೆಲ್ಲ ಪಾರ್ಶ್ವವಾಯು ಬಾರದಂತೆ ತಡೆಯುವ ಪ್ರಯತ್ನಗಳು. ಬಂದೆರಗಿದ ಮೇಲೆ ಮಾಡಬಹುದಾದುದೇನು ಎಂಬ ಪ್ರಶ್ನೆಗೆ 1990ರ ದಶಕದವರೆಗೂ ನೇರವಾದ ಉತ್ತರವಿರಲಿಲ್ಲ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಗಳು ಹೃದಯಾಘಾತದ ಚಿಕಿತ್ಸೆಯಲ್ಲಿ ಆಗಲೇ ಬಳಕೆಗೆ ಬಂದಿದ್ದವು. ಅವನ್ನು ಮಿದುಳಿನ ಧಮನಿಗೂ ಬಳಸಬಾರದೇಕೆ? ಅಪಾಯವಿದ್ದುದು ಇಲ್ಲಿಯೇ. ಹೆಪ್ಪನ್ನು ಕರಗಿಸುವ ಔಷಧವು ಹಾನಿಗೊಂಡ ಮಿದುಳಿನಲ್ಲಿ ರಕ್ತಸ್ರಾವವನ್ನೂ ಉಂಟುಮಾಡಬಲ್ಲದು. ಸ್ಟ್ರೆಪ್ಟೊಕೈನೇಸ್ ಎಂಬ ಔಷಧವನ್ನು ಯೂರೋಪು ಮತ್ತು ಆಸ್ಟ್ರೇಲಿಯಗಳಲ್ಲಿ ಪ್ರಯೋಗಿಸಿದಾಗ ರಕ್ತಸ್ರಾವವೂ ಸಾವುಗಳೂ ಹೆಚ್ಚಿದುದರಿಂದ ಆ ಪ್ರಯೋಗಗಳನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಅದೇ ಸಮಯದಲ್ಲಿ ಅಮೆರಿಕದ ರಾಷ್ಟ್ರೀಯ ನರರೋಗ ಮತ್ತು ಪಾರ್ಶ್ವವಾಯು ಸಂಸ್ಥೆಯು ಆಲ್ಟೆಪ್ಲೇಸ್ ಎಂಬ ಬೇರೊಂದು ಔಷಧವನ್ನು 624 ರೋಗಿಗಳಲ್ಲಿ ಪರೀಕ್ಷಿಸಿತು. ಅದರ ವೈಶಿಷ್ಟ್ಯವಿದ್ದುದು ಗಡಿಯಾರದ ಕಟ್ಟುಪಾಡಿನಲ್ಲಿ. ಲಕ್ಷಣಗಳು ತೋರಿದ 3 ಗಂಟೆಗಳೊಳಗೆ ಔಷಧ ಕೊಡಬೇಕು. ಅದಕ್ಕೆ ಮುಂಚೆ ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 90 ನಿಮಿಷಗಳೊಳಗೇ ಚಿಕಿತ್ಸೆ ಆರಂಭವಾಯಿತು. ಕೆಲವರಿಗೆ ನಿಜವಾದ ಔಷಧ, ಕೆಲವರಿಗೆ ನೋಡಲು ಅದರಂತೆಯೇ ಇದ್ದ, ಔಷಧವಿಲ್ಲದ ದ್ರವ. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. 1995ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳ ಬಳಿಕ ಊನವಿಲ್ಲದೆ ಅಥವಾ ಅತ್ಯಲ್ಪ ಊನದಿಂದ ಪಾರಾಗುವ ಸಂಭವವು ಔಷಧ ಪಡೆದವರಲ್ಲಿ ಕನಿಷ್ಠಪಕ್ಷ ನೂರಕ್ಕೆ 30ರಷ್ಟು ಹೆಚ್ಚಾಗಿತ್ತು. ಅಪಾಯವನ್ನೂ ಸಂಶೋಧಕರು ಮುಚ್ಚಿಡಲಿಲ್ಲ. ಮಿದುಳಿನ ತೀವ್ರ ರಕ್ತಸ್ರಾವವು ಔಷಧ ಪಡೆದವರಲ್ಲಿ ನೂರಕ್ಕೆ 6.4, ಪಡೆಯದವರಲ್ಲಿ ನೂರಕ್ಕೆ 0.6 ಆಗಿತ್ತು. ಇಷ್ಟಾದರೂ ಮೂರು ತಿಂಗಳ ಕೊನೆಗೆ ಔಷಧ ಪಡೆದವರ ಗುಂಪಿನಲ್ಲಿ ಸಾವುಗಳು ಹೆಚ್ಚಿರಲಿಲ್ಲ. ಲಾಭವನ್ನೂ ನಷ್ಟವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ ತೋರಿಸಿದುದರಿಂದಲೇ ಆ ಔಷಧವು ವೈದ್ಯಲೋಕದ ವಿಶ್ವಾಸವನ್ನು ಗಳಿಸಿತು.

ಮುಂದೆ 2008ರ ಯೂರೋಪಿನ ಪ್ರಯೋಗವೊಂದು ಈ ಕಾಲಾವಧಿಯನ್ನು 4.5 ಗಂಟೆಗಳವರೆಗೆ ವಿಸ್ತರಿಸಬಹುದೆಂದು ತೋರಿಸಿತು. 2015ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ 500 ರೋಗಿಗಳ ಮೇಲೆ ನಡೆದ ಪ್ರಯೋಗವು ಮತ್ತೊಂದು ಬಾಗಿಲನ್ನು ತೆರೆಯಿತು. ದೊಡ್ಡ ಧಮನಿಯಲ್ಲಿ ಸಿಲುಕಿದ ಹೆಪ್ಪನ್ನು, ರಕ್ತನಾಳದೊಳಗೆ ತೂರಿಸಿದ ತೆಳುವಾದ ನಳಿಕೆಯ ಮೂಲಕ ಹಿಡಿದು ಹೊರಗೆಳೆಯುವುದೇ ಈ ಚಿಕಿತ್ಸೆ. ಇತರರ ಆಸರೆಯಿಲ್ಲದೆ ಬಾಳಬಲ್ಲವರ ಪ್ರಮಾಣವು ಇದರಿಂದ ನೂರಕ್ಕೆ 19ರಿಂದ 33ರ ಸಮೀಪಕ್ಕೆ ಏರಿತು. ಈ ಚಿಕಿತ್ಸೆಗಳೆಲ್ಲಕ್ಕೂ ಸಾಮಾನ್ಯವಾದ ಒಂದು ನಿಯಮವಿದೆ: ತಡವಾದಷ್ಟೂ ಫಲ ಕಡಿಮೆ. ದೊಡ್ಡ ಧಮನಿಯು ಕಟ್ಟಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರ ಲೆಕ್ಕಾಚಾರವೊಂದು ತಿಳಿಸುತ್ತದೆ. ಆದುದರಿಂದ ಮುಖ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು—ಇವುಗಳಲ್ಲಿ ಯಾವುದೊಂದು ಹಠಾತ್ತನೆ ಕಂಡರೂ ಮನೆಮದ್ದಿಗೆ ಕಾಯದೆ, ಲಕ್ಷಣವು ತೋರಿದ ಸಮಯವನ್ನು ಗುರುತಿಟ್ಟುಕೊಂಡು, ಸ್ಕ್ಯಾನ್ ಸೌಲಭ್ಯವುಳ್ಳ ಆಸ್ಪತ್ರೆಗೆ ರೋಗಿಯನ್ನು ಒಡನೆ ಸಾಗಿಸಬೇಕು. ತನ್ನಷ್ಟಕ್ಕೆ ಸರಿಹೋಯಿತೆಂದು ಸುಮ್ಮನಿರುವುದೂ ಸಲ್ಲದು.

ವೈದ್ಯ ಸಂಶೋಧನೆಯು ಸದಾ ಹೊಸ ಔಷಧಗಳ ಪರೀಕ್ಷೆಯೇ ಆಗಿರಬೇಕಿಲ್ಲ. ರೋಗಿಗಳನ್ನು ತಾಳ್ಮೆಯಿಂದ ಗಮನಿಸಿ, ಲೆಕ್ಕವಿಟ್ಟು, ಕಾರಣವನ್ನು ಹುಡುಕುವುದೂ ಸಂಶೋಧನೆಯೇ. ಇದಕ್ಕೆ ಕರ್ನಾಟಕದಲ್ಲಿಯೇ ಒಂದು ನಿದರ್ಶನವಿದೆ. ತಲೆಗೆ ಬಿಸಿನೀರನ್ನು ಹುಯ್ದುಕೊಂಡು ಸ್ನಾನಮಾಡುವಾಗ ಕೆಲವರಿಗೆ, ವಿಶೇಷವಾಗಿ ಮಕ್ಕಳಿಗೆ, ಮೂರ್ಛೆ ಬರುವುದುಂಟು. ಬೇರೆ ದೇಶಗಳಲ್ಲಿ ಬಹಳ ವಿರಳವಾದ ಈ ತೊಂದರೆಯು ರಾಜ್ಯದ ದಕ್ಷಿಣ ಭಾಗದಲ್ಲಿ ಹೆಚ್ಚಾಗಿ ಕಂಡುಬರುವುದನ್ನು ಬೆಂಗಳೂರಿನ ನರರೋಗತಜ್ಞ ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು 1960ರ ದಶಕದ ಕೊನೆಯಿಂದ ವರದಿ ಮಾಡಿದರು. 1974ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿ ನಿಮ್ಹಾನ್ಸ್ ಸ್ಥಾಪನೆಯಾದ ಮೇಲೆ ಪಿ. ಸತೀಶ್‌ಚಂದ್ರ ಮೊದಲಾದ ವೈದ್ಯರು ಆ ಅಧ್ಯಯನವನ್ನು ಅಲ್ಲಿ ಮುಂದುವರಿಸಿದರು. ತುಂಬ ಬಿಸಿಯಾದ ನೀರನ್ನು ಚೊಂಬಿನಿಂದ ಒಂದೇ ಸಮನೆ ತಲೆಯ ಮೇಲೆ ಸುರಿದುಕೊಳ್ಳುವುದು ಈ ಮೂರ್ಛೆಯನ್ನು ಪ್ರಚೋದಿಸುತ್ತದೆಂದು ತಿಳಿದುಬಂದಿತು. ನೀರಿನ ಬಿಸಿಯನ್ನು ತಗ್ಗಿಸುವುದು, ಅಗತ್ಯವಿದ್ದವರಿಗೆ ವೈದ್ಯರ ಸಲಹೆಯಂತೆ ಸ್ನಾನಕ್ಕೆ ಮುಂಚೆ ಔಷಧ ಕೊಡುವುದು—ಇಷ್ಟರಿಂದಲೇ ಅನೇಕರು ನೆಮ್ಮದಿ ಕಂಡರು. ದೆವ್ವದ ಕಾಟವೆಂದು ಹೆದರಿದ ಮನೆಗಳಿಗೆ ಈ ಅರಿವು ಮದ್ದಿನಷ್ಟೇ ದೊಡ್ಡ ಉಪಕಾರವಾಯಿತು.

ಭಾರತದಲ್ಲಿ ನಡೆದ ಇನ್ನೊಂದು ಪ್ರಯೋಗವು ಬೇರೊಂದು ಪಾಠವನ್ನು ಕಲಿಸುತ್ತದೆ. ಪಾರ್ಶ್ವವಾಯು ಪೀಡಿತರಿಗೆ ಅಂಗಸಾಧನೆ ಮಾಡಿಸುವ ತಜ್ಞರು ದೇಶದಲ್ಲಿ ಸಾಲದಷ್ಟು ಇದ್ದಾರೆ. ಹಾಗಾದರೆ ಮನೆಯವರಲ್ಲೊಬ್ಬರಿಗೆ ತರಬೇತಿ ಕೊಟ್ಟು ಆ ಕೆಲಸವನ್ನು ವಹಿಸಬಾರದೇಕೆ? ಆಲೋಚನೆಯು ಸೊಗಸಾಗಿತ್ತು, ಕುಟುಂಬದ ಅಕ್ಕರೆಯನ್ನೇ ಚಿಕಿತ್ಸೆಯಾಗಿ ಬಳಸಿಕೊಳ್ಳುವ ಆಸೆ ಅದರಲ್ಲಿತ್ತು. 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಇದನ್ನು ಪರೀಕ್ಷಿಸಲಾಯಿತು. 2017ರಲ್ಲಿ ಫಲಿತಾಂಶ ಪ್ರಕಟವಾದಾಗ, ಆರು ತಿಂಗಳ ಬಳಿಕ ಮೃತರಾದವರ ಅಥವಾ ಪರಾವಲಂಬಿಗಳಾಗಿ ಉಳಿದವರ ಪ್ರಮಾಣವು ಎರಡು ಗುಂಪುಗಳಲ್ಲಿಯೂ ನೂರಕ್ಕೆ 47 ಆಗಿತ್ತು. ಇದನ್ನು ಸೋಲೆಂದು ಕರೆಯುವುದು ತಪ್ಪಾಗುತ್ತದೆ. ಮನೆಯವರಿಗೆ ಕೊಡುವ ಅಲ್ಪ ತರಬೇತಿಯೇ ಸಾಕೆಂದು ನಂಬಿ, ತಜ್ಞರನ್ನು ಸಿದ್ಧಪಡಿಸುವ ಹೊಣೆಯಿಂದ ಸಮಾಜವು ಜಾರಿಕೊಳ್ಳದಂತೆ ಆ ಅಂಕಿಗಳು ತಡೆದವು. ಆಸೆಗೆ ವಿರುದ್ಧವಾದ ಸತ್ಯವನ್ನು ಹಾಗೆಯೇ ಪ್ರಕಟಿಸುವ ಧೈರ್ಯವೂ ವಿಜ್ಞಾನದ ಅಂಗವೇ.

ಮನುಷ್ಯರ ಮೇಲೆ ನಡೆಯುವ ಪ್ರಯೋಗವು ಮನುಷ್ಯತ್ವವನ್ನು ಮರೆಯಬಾರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಸೆರೆಶಿಬಿರಗಳಲ್ಲಿ ಬಂದಿಗಳ ಮೇಲೆ ವೈದ್ಯರು ನಡೆಸಿದ ಕ್ರೂರ ಪ್ರಯೋಗಗಳು ಬಯಲಾದ ಬಳಿಕ, ಒಪ್ಪಿಗೆಯಿಲ್ಲದೆ ಯಾರನ್ನೂ ಪ್ರಯೋಗಕ್ಕೊಳಪಡಿಸಬಾರದೆಂಬ ತತ್ತ್ವವನ್ನು 1947ರಲ್ಲಿ ನ್ಯೂರೆಂಬರ್ಗಿನ ನ್ಯಾಯಾಲಯವು ಸಾರಿತು. 1964ರಲ್ಲಿ ವೈದ್ಯರ ಜಾಗತಿಕ ಸಂಘವು ಹೆಲ್ಸಿಂಕಿ ನಗರದಲ್ಲಿ ನೀತಿನಿಯಮಗಳನ್ನು ಘೋಷಿಸಿತು. ಭಾರತದಲ್ಲಿಯೂ ಇಂಥ ಪ್ರಯೋಗಗಳಿಗೆ ನೀತಿ ಸಮಿತಿಯ ಒಪ್ಪಿಗೆ ಬೇಕು. 2009ರಿಂದ ಅವುಗಳನ್ನು ಮೊದಲೇ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದೂ ಕಡ್ಡಾಯವಾಗಿದೆ. ಫಲಿತಾಂಶವು ಇಷ್ಟವಾಗದಿದ್ದರೆ ಪ್ರಯೋಗವನ್ನೇ ಮರೆಮಾಚುವುದಕ್ಕೆ ಇದರಿಂದ ತಡೆಬಿದ್ದಿದೆ. ಪಾರ್ಶ್ವವಾಯುವಿನಲ್ಲಿ ಒಪ್ಪಿಗೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ರೋಗಿಗೆ ಮಾತೇ ನಿಂತುಹೋಗಿರಬಹುದು. ಕಾಲವು ನಿಮಿಷಗಳಲ್ಲಿ ಕರಗುತ್ತಿರುತ್ತದೆ. ಆಗ ಅವನ ಪರವಾಗಿ ಹತ್ತಿರದವರು ನಿರ್ಧರಿಸಬೇಕು. ವೈದ್ಯನು ಅವರಿಗೆ ಲಾಭವನ್ನೂ ಅಪಾಯವನ್ನೂ ಅರ್ಥವಾಗುವ ಮಾತಿನಲ್ಲಿ ತಿಳಿಸಬೇಕು.

ಇಂದು ಪಾರ್ಶ್ವವಾಯುವಿಗೆ ತುತ್ತಾದವನೊಬ್ಬನು ಸಕಾಲದಲ್ಲಿ ಆಸ್ಪತ್ರೆಗೆ ಬಂದು, ಕೆಲವು ದಿನಗಳ ಬಳಿಕ ತನ್ನ ಕಾಲಮೇಲೆ ತಾನು ನಡೆದು ಮನೆಗೆ ಮರಳಿದರೆ, ಅವನು ಯಂತ್ರವನ್ನು ರಚಿಸಿದ ವಿಜ್ಞಾನಿಗೂ ಔಷಧ ಕೊಟ್ಟ ವೈದ್ಯನಿಗೂ ಋಣಿ. ಅವರಷ್ಟೇ ಅಲ್ಲದೆ, ಹೆಸರು ಗೊತ್ತಿಲ್ಲದ ಸಾವಿರಾರು ರೋಗಿಗಳಿಗೂ ಅವನು ಋಣಿ. ತಮ್ಮ ಪಾಲಿಗೆ ಬರುವುದು ಔಷಧವೋ ಬರಿಯ ದ್ರವವೋ ಎಂದು ತಿಳಿಯದೆಯೂ ಅವರು ಪರೀಕ್ಷೆಗೆ ಒಪ್ಪಿದರು. ಅವರಲ್ಲಿ ಕೆಲವರಿಗೆ ಲಾಭವಾಯಿತು, ಕೆಲವರಿಗೆ ಆಗಲಿಲ್ಲ. ಕೆಲವರು ಹಾನಿಯನ್ನೂ ಅನುಭವಿಸಿದರು. ವಿಧಿಯ ಹೊಡೆತವೆಂದು ತಲೆಬಾಗುತ್ತಿದ್ದ ವ್ಯಾಧಿಯನ್ನು ಮನುಷ್ಯನು ಎದುರಿಸಿ ನಿಲ್ಲುವಂತಾದುದು ಅವರೆಲ್ಲರ ಒಪ್ಪಿಗೆಯ ಬಲದಿಂದ.